ಗಾಜಿನ ಹಿಂದಿನ ಹನ್ನೊಂದು ಸೆಕೆಂಡು

ಬರ್ನ್‌ಲಿ, ಲ್ಯಾಂಕಶೈರ್
೧೬ ಫೆಬ್ರವರಿ ೧೯೪೮

ಬರ್ತಾ,

ನಿನ್ನ ಹೊಸ ಚಿತ್ರ ಕಳೆದ ವಾರ ನಮ್ಮ ಎಂಪ್ರೆಸ್ ಟಾಕೀಸಿಗೆ ಬಂದಿತ್ತು. ನಾನು ನೋಡಲಿಲ್ಲ. ನೋಡಿದವರು ಮನೆ ಬಾಗಿಲಿಗೇ ಬಂದು ಹೇಳಿ ಹೋದರು. ಈ ಸಲವೂ ಬಕೆಟ್ಟು, ಈ ಸಲವೂ ನೆಲ ಒರೆಸುವ ಬಟ್ಟೆ, ಈ ಸಲವೂ ತಲೆಗೆ ಕಟ್ಟಿದ ಚೌಕ. ನಾಯಕ ನಿನ್ನ ಬಕೆಟ್ಟಿಗೆ ಎಡವಿ ಬಿದ್ದನಂತೆ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಲವತ್ತೊಂದು ಚಿತ್ರ ಆಯಿತು ಎಂದು ನೀನೇ ಕ್ರಿಸ್‌ಮಸ್‌ಗೆ ಬರೆದಿದ್ದೆ. ಅಷ್ಟರಲ್ಲಿ ಒಂದರಲ್ಲಾದರೂ ಕುರ್ಚಿಯ ಮೇಲೆ ಕೂರುವ ಪಾತ್ರ ನಿನಗೆ ಸಿಕ್ಕಿದೆಯೇ?

ಅಮ್ಮ ಮೂವತ್ತು ವರ್ಷ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ಕಿವಿ ಕಳೆದುಕೊಂಡಳು. ಆಮೇಲೆ ಬ್ಯಾಂಕಿನ ಮೆಟ್ಟಿಲು ಉಜ್ಜಿ ಮಂಡಿ ಕಳೆದುಕೊಂಡಳು. ನಾವಿಬ್ಬರು ಆ ಕೆಲಸ ಮಾಡುವುದು ಬೇಡ ಎಂದೇ ಅವಳು ಮಾಡಿದ್ದು. ನಾನು ಅವಳ ಮಾತು ಉಳಿಸಿದೆ. ಆಫೀಸಿನಲ್ಲಿ ಟೈಪು ಮಾಡಿದೆ, ವಿಮಾ ಕಂಪನಿಯ ಗುಮಾಸ್ತನನ್ನು ಮದುವೆಯಾದೆ, ನಾಲ್ಕು ಜನರ ಮುಂದೆ ನೆಟ್ಟಗೆ ಮಾತಾಡುವುದನ್ನು ಕಲಿತೆ. ನೀನು ಲಂಡನ್ನಿಗೆ ಓಡಿಹೋಗಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಮತ್ತೆ ಅದೇ ನೆಲ ಒರೆಸುತ್ತಿದ್ದೀಯೆ. ಅಮ್ಮ ಒರೆಸಿದರೆ ನೆಲವಾದರೂ ಚೊಕ್ಕಟವಾಗುತ್ತಿತ್ತು.

ಇದನ್ನು ಹೇಳಲು ನಾನು ಕಾಗದ ತೆಗೆದುಕೊಂಡದ್ದಲ್ಲ. ಕ್ಲಿಫರ್ಡ್ ಹೋಗಿದ್ದಾನೆ. ಫ್ಲೀಟ್‌ವುಡ್‌ನಲ್ಲಿ ಮೀನಿನಂಗಡಿ ಇಟ್ಟಿರುವ ಒಬ್ಬ ವಿಧವೆಯ ಮನೆಯಲ್ಲಿದ್ದಾನೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ, ಒಂದು ಸೂಟ್‌ಕೇಸು ಮತ್ತು ಗೋಡೆ ಗಡಿಯಾರ ಎತ್ತಿಕೊಂಡು, “ನಿನ್ನ ಜೊತೆ ಇದ್ರೆ ದಿನಾ ಪರೀಕ್ಷೆಗೆ ಕೂತ ಹಾಗಿರುತ್ತೆ, ಎಥೆಲ್” ಎಂದು ಹೇಳಿ ಹೊರಟ. ಅವನಿಗೆ ಕಾವೆಂಟ್ರಿಯ ಮೋಟಾರು ಕಾರ್ಖಾನೆಯಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಮನೆ ಸಿಕ್ಕಿದ ಮೇಲೆ ನನ್ನನ್ನು ಕರೆಸಿಕೊಳ್ಳುತ್ತಾನೆ ಎಂದು ಊರಿಗೆಲ್ಲ ಹೇಳಿದ್ದೇನೆ. ಚರ್ಚಿನ ಹೆಂಗಸರ ಸಂಘಕ್ಕೆ ನಾನು ಅಧ್ಯಕ್ಷೆ. ಕಂಡವರ ಸಂಸಾರಕ್ಕೆ ಬುದ್ಧಿ ಹೇಳಿಕೊಂಡು ಬಂದವಳು. ಇದು ಹೊರಗೆ ಬಿದ್ದರೆ ಈ ಊರಿನಲ್ಲಿ ನಾನು ತಲೆಯೆತ್ತಿ ಬ್ರೆಡ್ಡು ಕೊಳ್ಳಲೂ ಆಗುವುದಿಲ್ಲ. ಗೊತ್ತಿರುವುದು ನನಗೆ ಮತ್ತು ನಿನಗೆ ಮಾತ್ರ. ಕಾಗದ ಸುಟ್ಟುಬಿಡು.

ನಿನಗೇ ಯಾಕೆ ಹೇಳಿದೆ ಎಂದು ಕೇಳಬೇಡ. ಬೇರೆ ಯಾರೂ ಇಲ್ಲ.

ಎಥೆಲ್


ಕಿಲ್‌ಬರ್ನ್, ಲಂಡನ್
೨೨ ಫೆಬ್ರವರಿ ೧೯೪೮

ಎಥೆಲ್,

ಸುಟ್ಟೆ. ಮುಖ ತೊಳೆಯುವ ಬೇಸಿನ್ನಿನಲ್ಲಿಟ್ಟು ಕಡ್ಡಿ ಗೀರಿದೆ. ಹೊಗೆ ನೋಡಿ ಮನೆ ಒಡತಿ ಮೇಲೆ ಬಂದಳು. ಪ್ರೇಮಪತ್ರ ಎಂದೆ. ನನ್ನ ಮುಖ ನೋಡಿ ನಂಬದೆ ಇಳಿದು ಹೋದಳು.

ಕ್ಲಿಫರ್ಡ್‌ಗಾಗಿ ನನಗೆ ಅಳು ಬರುವುದಿಲ್ಲ. ನಿಮ್ಮ ಮದುವೆಯ ಕೇಕನ್ನು ಅವನು ಅಳತೆಕೋಲು ಹಿಡಿದ ಹಾಗೆ ಕತ್ತರಿಸಿದಾಗಲೇ ನನಗೆ ಅವನು ಸಾಕಾಗಿಹೋಗಿದ್ದ. ಆ ಮೀನಿನ ವಿಧವೆಯ ಬಗ್ಗೆ ಮಾತ್ರ ಕನಿಕರವಿದೆ. ಗಡಿಯಾರ ಹೋದದ್ದು ನಷ್ಟ, ಅದು ಒಳ್ಳೆಯ ಗಡಿಯಾರ.

ನಿನ್ನ ಬಗ್ಗೆ ಬೇಸರವಾಗಿದೆ. ಅದನ್ನು ಹೇಗೆ ಬರೆಯುವುದೋ ತಿಳಿಯದು. ನಾವು ಬೈದುಕೊಂಡೇ ಬೆಳೆದವರು.

ಕುರ್ಚಿಯ ಪಾತ್ರ ಕೇಳಿದೆಯಲ್ಲ, ಇಲ್ಲಿ ಕುರ್ಚಿಯ ಮೇಲೆ ಕೂರುವವರು ಯಾರು ಎಂದು ಹೇಳುತ್ತೇನೆ. ಈಗ ಮಾಡುತ್ತಿರುವ ಚಿತ್ರದಲ್ಲಿ ಕೌಂಟೆಸ್ ಆಗಿರುವುದು ಮಿಸ್ ಲಿಡಿಯಾ ಕರೂ. ಆಕೆ ಅಳಬೇಕೆಂದರೆ ಒಬ್ಬ ಗ್ಲಿಸರಿನ್ ಸೀಸೆ ಹಿಡಿದು ಓಡಿಬರಬೇಕು, ನಗಬೇಕೆಂದರೆ ಆಕೆಯ ನಾಯಿಯನ್ನು ತಂದು ತೋರಿಸಬೇಕು. ಒಂದು ಟ್ರೇ ಹಿಡಿದು ನಾಲ್ಕು ಹೆಜ್ಜೆ ಇಡಲು ಒಂಬತ್ತು ಟೇಕು. ನಿರ್ದೇಶಕ ಮಿಸ್ಟರ್ ಪಾರ್ಫಿಟ್‌ಗೆ ಇಂದಿಗೂ ನನ್ನ ಹೆಸರು ಬಾರದು. “ಎಲ್ಲಿ ನಮ್ಮ ಬಕೆಟ್ಟಮ್ಮ?” ಎಂದು ಕೂಗುತ್ತಾನೆ. ಟೋಪಿ, ಕೋಟು, ಏಪ್ರನ್ನು ಎಲ್ಲ ನನ್ನ ಸ್ವಂತದ್ದು, ಮನೆಯಿಂದಲೇ ಹೊತ್ತು ತರಬೇಕು. ಕ್ಯಾಮೆರಾ ಒಂದು ಸಲವೂ ನನ್ನ ಮುಖದ ಹತ್ತಿರ ಬಂದಿಲ್ಲ. ನಾನು ಯಾವಾಗಲೂ ಬಾಗಿಲ ಬಳಿ, ಸೊಂಟದ ತನಕ, ಬಕೆಟ್ಟಿನ ಸಮೇತ.

ಆದರೂ ಒಂದು ಮಾತು. ಶಾಲೆಯ ಗೆಳತಿಯರ ಜೊತೆ ಬರುವಾಗ ಅಮ್ಮ ಬ್ಯಾಂಕಿನ ಮೆಟ್ಟಿಲ ಮೇಲೆ ಕಂಡರೆ ನೀನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ನಾನು ನೋಡಿದ್ದೇನೆ. ನಾನು ದಾಟಲಿಲ್ಲ, ಇಂದಿಗೂ ಅವಳ ಪಕ್ಕದಲ್ಲೇ ಕೂತು ಉಜ್ಜುತ್ತಿದ್ದೇನೆ. ಇಷ್ಟೇ ನಮ್ಮಿಬ್ಬರಿಗಿರುವ ವ್ಯತ್ಯಾಸ.

ಬರ್ತಾ


ಕಿಲ್‌ಬರ್ನ್
೩ ಮೇ ೧೯೪೮

ಎಥೆಲ್,

ಇವತ್ತು ನನ್ನ ಕೊನೆಯ ದಿನ ಮುಗಿಯಿತು. ಮೆಟ್ಟಿಲ ಮೇಲೆ ಇಬ್ಬರು ಕೆಲಸದವರು ಕೌಂಟೆಸ್ ಬಗ್ಗೆ ಆಡಿಕೊಳ್ಳುವ ದೃಶ್ಯ. ಆಡುವ ಮಾತು ಎಷ್ಟು ಕೊಳಕೆಂದರೆ ಸೆನ್ಸಾರಿನವರು ಬಿಡುವುದಿಲ್ಲವಂತೆ. ಅದಕ್ಕೆ ಪಾರ್ಫಿಟ್ ತಲೆ ಓಡಿಸಿ ಹೇಳಿದ: “ಸದ್ದು ಬೇಡ. ಬರೀ ಬಾಯಾಡಿಸಿ. ಜಗತ್ತಿನಲ್ಲಿ ನಿಮಗೆ ಗೊತ್ತಿರೋ ಅತಿ ಭಯಂಕರ ವಿಷಯ ಹೇಳ್ತಿದೀರಿ ಅಂದ್ಕೊಳ್ಳಿ.”

ನನಗೆ ಹೇಳಿಕೊಡಬೇಕೇ? ನೂರು ಮಗ್ಗ ಬಡಿಯುವ ಸದ್ದಿನಲ್ಲಿ ತುಟಿಯಲ್ಲೇ ಮಾತಾಡಿಕೊಳ್ಳುವ ಹೆಂಗಸರ ನಡುವೆ ಹುಟ್ಟಿದವಳು ನಾನು. ಅಮ್ಮ ಮನೆಗೆ ಬಂದ ಮೇಲೂ ಹಾಗೆಯೇ ಮಾತಾಡುತ್ತಿದ್ದಳಲ್ಲ, ಬಾಯಿ ಅಷ್ಟಗಲ ಮಾಡಿ, ಸೊಲ್ಲಿಲ್ಲದೆ. ನಾಲಿಗೆ ತಿರುಗುವ ಮೊದಲೇ ನಮಗೆ ತುಟಿಮಾತು ಬರುತ್ತಿತ್ತು. ಒಂದೇ ಟೇಕಿನಲ್ಲಿ ಮುಗಿಸಿದೆ. ಆರು ಸೆಕೆಂಡು. ದೀಪ ಹಿಡಿಯುವವರೆಲ್ಲ ಬಿದ್ದು ಬಿದ್ದು ನಕ್ಕರು. ಲಿಡಿಯಾ ಕರೂ ಮಾತ್ರ ನಾಯಿ ಸವರುತ್ತ, “ಹಸು ಮೆಲುಕು ಹಾಕಿದ ಹಾಗೆ ಮುಖ ಮಾಡ್ತಾಳಪ್ಪ ಈ ಮುದುಕಿ” ಎಂದಳು. ಅವಳಿಗಿಂತ ನಾನು ಮೂರೇ ವರ್ಷ ದೊಡ್ಡವಳು.

ಏನು ಹೇಳಿದೆ ಎಂದು ಕೇಳಬೇಡ. ಬಾಯಿಗೆ ಬಂದದ್ದು ಹೇಳಿದೆ. ಇಲ್ಲಿ ಯಾರಿಗೆ ತಿಳಿಯುತ್ತದೆ.

ಬರ್ತಾ


ಬರ್ನ್‌ಲಿ
೧೫ ನವೆಂಬರ್ ೧೯೪೮

ಮಹಾತಾರೆ ಮಿಸ್ ಬರ್ತಾ ಹೋಲ್ಡನ್ ಅವರಿಗೆ,

ನಿಮ್ಮ ಚಿತ್ರವನ್ನು ಮೊನ್ನೆ ಶನಿವಾರ ಎಂಪ್ರೆಸ್‌ನಲ್ಲಿ, ಮೊದಲ ಆಟದಲ್ಲಿ ನೋಡಿದೆ. ನಿನ್ನ ಚಿತ್ರ ನೋಡುವವಳಲ್ಲ ನಾನು. ಕೌಂಟೆಸ್ ಕಥೆ, ಸಭ್ಯವಾಗಿದೆ ಎಂದು ಹೆಂಗಸರ ಸಂಘದವರು ಬಾಲ್ಕನಿಯಲ್ಲಿ ಹದಿನೆಂಟು ಸೀಟು ಹಿಡಿದಿದ್ದರು. ಅಧ್ಯಕ್ಷೆ ಎಂದು ನನ್ನನ್ನು ನಟ್ಟನಡುವೆ ಕೂರಿಸಿದ್ದರು.

ಎಂಪ್ರೆಸ್‌ನಲ್ಲಿ ಸಾವಿರದ ಇನ್ನೂರು ಸೀಟುಗಳಿವೆ. ಕೂತವರಲ್ಲಿ ಸಾವಿರ ಮಂದಿ ಗಿರಣಿಯವರು. ಇದು ನಿನಗೆ ಮರೆತುಹೋಗಿತ್ತೇ? ಅಥವಾ ಚೆನ್ನಾಗಿ ನೆನಪಿತ್ತೇ? ನೀನು ಬಕೆಟ್ಟು ಕೆಳಗಿಟ್ಟೆ, ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಎದೆಯ ಮೇಲೆ ಕೈಕಟ್ಟಿಕೊಂಡು, ಮನೆಯಷ್ಟು ದೊಡ್ಡ ಪರದೆಯ ಮೇಲೆ ತುಟಿಯಲ್ಲಿ ಹೇಳಿದೆ: “ನಮ್ಮ ಎಥೆಲ್ ಇದಾಳಲ್ಲ, ಅವಳ ಕ್ಲಿಫರ್ಡ್ ಕಾವೆಂಟ್ರಿಗೆ ಹೋಗೇ ಇಲ್ಲ. ಫ್ಲೀಟ್‌ವುಡ್‌ನಲ್ಲಿ ಮೀನಿನವಳ ಜೊತೆ ಮಲಗಿದಾನೆ.”

ಲಂಡನ್ನಿನಲ್ಲಿ ನಕ್ಕಿರಬಹುದು. ಇಲ್ಲಿ ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಮಾರ್ತಾ ಗ್ರೀನ್‌ವುಡ್ ಕೂತಿದ್ದಳು, ಅಮ್ಮನ ಪಕ್ಕದ ಮಗ್ಗದವಳು, ಈಗ ಪೂರ್ತಿ ಕಿವುಡಿ. ತನ್ನ ದನಿ ತನಗೇ ಕೇಳದವಳು ಪಿಸುಗುಟ್ಟಲು ಹೋಗಿ ಇಡೀ ಟಾಕೀಸಿಗೆ ಕೇಳುವ ಹಾಗೆ, “ಯಾವ ಎಥೆಲ್? ವಿಟೇಕರ್ ಎಥೆಲಾ?” ಎಂದಳು. ಆಗ ಸೀಟುಗಳು ಕಿರುಗುಟ್ಟಲು ಶುರುವಾದವು. ಕೆಳಗಿನಿಂದ ಒಬ್ಬೊಬ್ಬರಾಗಿ ತಿರುಗಿ ಬಾಲ್ಕನಿಯ ಕಡೆ ನೋಡಿದರು. ಪರದೆಯ ಬೆಳಕಿನಲ್ಲಿ ನನಗೆ ಬರೀ ಮುಖಗಳು ಕಂಡವು. ಪಕ್ಕದಲ್ಲಿದ್ದ ಮಿಸೆಸ್ ಸಟ್‌ಕ್ಲಿಫ್ ನನ್ನ ಕೈ ತಟ್ಟಿ, “ಕಾವೆಂಟ್ರೀಲಿ ಚಳಿ ಹೇಗಿದೆಯಂತೆ, ಎಥೆಲ್?” ಎಂದು ಕೇಳಿದಳು.

ಎದ್ದು ಹೋದರೆ ನಿಜವೆಂದಾಗುತ್ತದೆ ಎಂದು ಕೊನೆಯವರೆಗೂ ಕೂತೆ. ಕೌಂಟೆಸ್‌ಗೆ ಮದುವೆಯಾಯಿತು.

ಚಿತ್ರ ಆರು ದಿನ, ದಿನಕ್ಕೆ ಎರಡು ಆಟ ಇರುತ್ತದೆ. ನಿನ್ನೆ ಚರ್ಚಿನಲ್ಲಿ ಯಾರೂ ಏನೂ ಅನ್ನಲಿಲ್ಲ, ಸಂಘದ ಚಹಾ ಪಾತ್ರೆಯಿಡುವ ಕಪಾಟಿನ ಬೀಗದ ಕೈ ಮಾತ್ರ ಕೇಳಿ ತೆಗೆದುಕೊಂಡರು. ಹನ್ನೊಂದು ವರ್ಷ ಅದು ನನ್ನ ಕೈಚೀಲದಲ್ಲಿತ್ತು.

ಕಾಗದ ಸುಡು ಎಂದಿದ್ದೆ, ಸುಟ್ಟೆ. ಒಪ್ಪಿದೆ. ನೀನು ಏನೆಂದು ನನಗೆ ಮೊದಲೇ ಗೊತ್ತಿತ್ತು: ನಾಲ್ಕು ಜನ ನಗುತ್ತಾರೆಂದರೆ ಹೆತ್ತವಳ ಹಲ್ಲಿನ ಸೆಟ್ಟನ್ನಾದರೂ ಹಾಕಿಕೊಂಡು ಕುಣಿಯುವವಳು. ಆದರೂ ಹೇಳಿದೆನಲ್ಲ, ತಪ್ಪು ನನ್ನದೇ. ಇನ್ನು ಬರೆಯಬೇಡ. ಬಂದದ್ದನ್ನು ತೆರೆಯುವುದಿಲ್ಲ.

ಮಿಸೆಸ್ ಇ. ವಿಟೇಕರ್


(ಮುಂದಿನ ಮೂರು ಕಾಗದಗಳ ಲಕೋಟೆಯ ಮೇಲೂ ಎಥೆಲ್‌ಳ ಕೈಬರಹವಿದೆ: “ಸ್ವೀಕರಿಸಿಲ್ಲ. ಕಳಿಸಿದವರಿಗೆ ವಾಪಸು.”)

ಕಿಲ್‌ಬರ್ನ್
೧೮ ನವೆಂಬರ್ ೧೯೪೮

ಎಥೆಲ್,

ಆರು ಸೆಕೆಂಡು. ಒಮ್ಮೆ ಸೀನಿ ಮೂಗೊರೆಸಿಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಇಷ್ಟೆಲ್ಲ ಓದಿಕೊಂಡರೆಂದರೆ ಆ ಊರಿನವರಿಗೆ ಬೇರೆ ಕೆಲಸವಿಲ್ಲ. ಕೌಂಟೆಸ್ ಕಥೆ ನೋಡಲು ಬಂದವರು ಕೌಂಟೆಸ್‌ಳನ್ನು ನೋಡಬೇಕಪ್ಪ, ಕಸ ಗುಡಿಸುವವಳ ಬಾಯಿ ಯಾಕೆ ನೋಡಬೇಕು?

ಗಂಡ ಬಿಟ್ಟುಹೋಗುವುದು ಜಗತ್ತಿನಲ್ಲಿ ನಿನಗೊಬ್ಬಳಿಗೇ ಆದದ್ದಲ್ಲ. ಸಟ್‌ಕ್ಲಿಫ್ ಹೆಂಗಸಿಗೆ ಹೇಳು, ಅವಳ ಗಂಡ ಮನೆಯಲ್ಲೇ ಇರುವುದು ಎದ್ದು ಹೋಗಲು ಶಕ್ತಿಯಿಲ್ಲದೆ. ಬೀಗದ ಕೈ ಹೋಯಿತೆಂದು ಅಳುವುದಾದರೆ ಅಳು. ನಾನು ಯಾರನ್ನೂ ಕೊಂದಿಲ್ಲ.

ಬರ್ತಾ


ಕಿಲ್‌ಬರ್ನ್
೨೦ ಡಿಸೆಂಬರ್ ೧೯೪೮

ಎಥೆಲ್,

ಹಿಂದಿನ ಕಾಗದ ವಾಪಸು ಬಂತು. ಒಳ್ಳೆಯದಾಯಿತು, ಅದು ಕೆಟ್ಟ ಕಾಗದ.

ಹೇಗಾಯಿತೆಂದು ಹೇಳುತ್ತೇನೆ. ಅತಿ ಭಯಂಕರವಾದದ್ದು ಹೇಳಿ ಎಂದ ಆ ಮನುಷ್ಯ. ಕ್ಯಾಮೆರಾ ಓಡುತ್ತಿತ್ತು. ನನಗೆ ಗೊತ್ತಿದ್ದ ಅತಿ ಭಯಂಕರ ವಿಷಯ ಅದೊಂದೇ. ಫೆಬ್ರವರಿಯಿಂದ ಎದೆಯಲ್ಲಿ ಇಟ್ಟುಕೊಂಡಿದ್ದೆ, ಹೇಳಿಕೊಳ್ಳಲು ನನಗೂ ಯಾರೂ ಇರಲಿಲ್ಲ.

ಇಪ್ಪತ್ತಾರು ವರ್ಷವಾಯಿತು ನಾನು ಊರು ಬಿಟ್ಟು. ಮೊದಲ ಎರಡು ವರ್ಷ ಕಡಲ ತೀರದ ನಾಟಕ ಮಂಡಳಿಯಲ್ಲಿ ಇಬ್ಬರು ಸೇರಿ ಹಾಕುವ ಹಸುವಿನ ವೇಷ, ಅದರಲ್ಲಿ ನಾನು ಹಿಂಗಾಲು. ಆಮೇಲೆ “ಚಹಾ ತಂದಿದ್ದೇನೆ, ಮೇಡಂ” ಎಂಬ ಒಂದೇ ಮಾತನ್ನು ಏಳು ವರ್ಷ ಹೇಳಿದೆ. ಸಿನಿಮಾಗಳಿಗೆ ಮಾತು ಬಂದಾಗ ನಮ್ಮ ಕಡೆಯ ಉಚ್ಚಾರ ಕೇಳಿದರೆ ಲಂಡನ್ನಿನವರಿಗೆ ನಗು ಬರುತ್ತದೆ ಎಂದು ಕರೆದರು. ಇಪ್ಪತ್ತೆಂಟನೆಯ ವಯಸ್ಸಿಗೆ ಕೂದಲಿಗೆ ಹಿಟ್ಟು ಬಳಿದು ಐವತ್ತರ ಮುದುಕಿ ಮಾಡಿದರು, ಅಲ್ಲಿಂದ ಇಳಿಯಲು ಬಿಡಲಿಲ್ಲ. ಆಗಿನಿಂದಲೂ ನಾನು ಅಮ್ಮನನ್ನೇ ಮಾಡುತ್ತಿದ್ದೇನೆ. ಅವಳ ನಡಿಗೆ, ಅವಳು ಮೂಗೊರೆಸಿಕೊಳ್ಳುವುದು, ಅವಳ ಬಾಯಿ. ಅವಳ ಮಾತನ್ನು ಅವಳದೇ ಭಾಷೆಯಲ್ಲಿ ಎಷ್ಟೋ ಸಲ ಆಡಿದ್ದೇನೆ, ಒಂದು ನಾಯಿಗೂ ತಿಳಿದಿಲ್ಲ. ಇವರಿಗದು ಹಸುವಿನ ಮೆಲುಕು. ಯಾರಿಗೂ ತಿಳಿಯುವುದಿಲ್ಲ ಎಂಬುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ತಿಳಿಯುವ ಊರೊಂದಿದೆ ಎಂಬುದನ್ನೇ ಮರೆತುಬಿಟ್ಟೆ.

ನನ್ನ ಮೇಲೆ ನನಗೆ ಹೇಸಿಗೆಯಾಗಿದೆ. ಇಷ್ಟೇ. ಜೊತೆಗೊಂದು ಹ್ಯಾಮಿನ ಡಬ್ಬಿ ಇಟ್ಟಿದ್ದೇನೆ. ನನ್ನನ್ನು ಬೇಡವೆಂದರೂ ಹ್ಯಾಮನ್ನು ಬೇಡವೆನ್ನಬೇಡ.

ಬರ್ತಾ


ಕಿಲ್‌ಬರ್ನ್
೧೪ ಮಾರ್ಚ್ ೧೯೪೯

ಎಥೆಲ್,

ಹ್ಯಾಮೂ ವಾಪಸು ಬಂತು. ಒಬ್ಬಳೇ ತಿಂದೆ, ಮೂರು ದಿನ.

ನೀನು ಓದುವುದಿಲ್ಲ ಎಂದು ಖಚಿತವಾದ ಮೇಲೆ ಬರೆಯುವುದು ಸಲೀಸಾಗಿದೆ. ನಿನ್ನ ಮುಂದಿನ ಕೋಣೆಯ ಕಿಟಕಿ ಪರದೆಯ ಹೊಲಿಗೆ ವಕ್ರವಾಗಿದೆ, ಇಪ್ಪತ್ತು ವರ್ಷದಿಂದ ಹೇಳಬೇಕೆಂದಿದ್ದೆ.

ಪಾರ್ಫಿಟ್ ಹೊಸ ಚಿತ್ರ ಮಾಡುತ್ತಿದ್ದಾನೆ, ಬ್ಯಾಂಕಿನ ದರೋಡೆಯದು. ನಾನು ಬ್ಯಾಂಕಿನ ಕಸದವಳು, ಮತ್ತೇನು. ಕಳ್ಳ ನನ್ನನ್ನು ಒಳಗೆ ಕೂಡಿಹಾಕಿ ಹೋಗುತ್ತಾನೆ. ಬಾಗಿಲಿಗೆ ದಪ್ಪ ಗಾಜು. ನಾನು ಗಾಜು ಬಡಿದು ಕೂಗುತ್ತೇನೆ, ಬೀದಿಯ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ, ಕಳ್ಳ ಬಸ್ಸು ಹತ್ತುತ್ತಾನೆ. “ಇಲ್ಲಿ ನಿಮ್ಮ ಮುಖಾನೇ ಬೇಕು” ಎಂದ ಪಾರ್ಫಿಟ್. ಎಲ್ಲಿಯ ತನಕ ಎಂದು ಕೇಳಿದೆ. ಕೈಯಲ್ಲಿ ಹಣೆ ಮತ್ತು ಗಲ್ಲ ತೋರಿಸಿದ. ಹಿನ್ನೆಲೆಯಲ್ಲಿ ಬೀದಿಯ ಸದ್ದು ಮಾತ್ರವಂತೆ. ಹನ್ನೊಂದು ಸೆಕೆಂಡು. ನಲವತ್ನಾಲ್ಕು ಚಿತ್ರಕ್ಕೆ ಒಂದು ಕ್ಲೋಸ್-ಅಪ್ಪು, ಎಥೆಲ್. ಇನ್ನೊಂದು ಸಿಗುವುದಿಲ್ಲ, ನನಗೆ ಗೊತ್ತು. ಮೇಕಪ್ಪಿನವಳು, “ಈ ಮುಖಕ್ಕೆ ನಾನೇನು ಮಾಡಲಿ?” ಎಂದಳು. ಏನೂ ಮಾಡಬೇಡ, ತುಟಿಗೆ ಮಾತ್ರ ಸ್ವಲ್ಪ ಬಣ್ಣ ಹಾಕು, ಚೆನ್ನಾಗಿ ಕಾಣಬೇಕು ಎಂದೆ.

ನಾಳೆ ಶೂಟಿಂಗು. “ಕಳ್ಳ, ಕಳ್ಳ, ಕಾಪಾಡಿ” ಎಂದು ಕೂಗಬೇಕಂತೆ.

ಬರ್ತಾ


ಬರ್ನ್‌ಲಿ
೬ ನವೆಂಬರ್ ೧೯೪೯

ಬರ್ತಾ,

ನಿನ್ನ ಕಾಗದಗಳನ್ನೆಲ್ಲ ವಾಪಸು ಕಳಿಸಿದೆ. ಅದಕ್ಕೆ ಪಶ್ಚಾತ್ತಾಪವೇನಿಲ್ಲ. ಆದರೆ ಈ ಸಲದ್ದನ್ನು ಅಂಚೆಯವನು ತರಲಿಲ್ಲ, ಎಂಪ್ರೆಸ್‌ನವರು ತಂದರು. ಎರಡೂವರೆ ಪೆನ್ನಿಯ ಅಂಚೆಚೀಟಿ ಅಂಟಿಸಿ ಹೇಳುವುದನ್ನು ಇಂಗ್ಲೆಂಡಿನ ಎಲ್ಲ ಊರುಗಳ ಪರದೆಯ ಮೇಲೆ ಹೇಳುವುದು ನಿನಗೇ ಸೈ.

ಹತ್ತು ದಿನದ ಹಿಂದೆ ಮಿಸೆಸ್ ಸಟ್‌ಕ್ಲಿಫ್ ಬಾಗಿಲಿಗೆ ಬಂದಳು. ವರ್ಷದಿಂದ ನನ್ನನ್ನು ಕಂಡರೆ ಅಂಗಡಿಯ ಕಿಟಕಿ ನೋಡುತ್ತಿದ್ದವಳ ಕೈಯಲ್ಲಿ ಮಾಂಸದ ಕಡುಬಿನ ತಟ್ಟೆ ಇತ್ತು. “ನಾನೇನೂ ಹೇಳಲ್ಲ ಕಣೇ ಎಥೆಲ್. ಹೋಗಿ ನೋಡು. ನನ್ನ ಮೇಲೆ ಬೇಜಾರು ಮಾಡ್ಕೋಬೇಡ, ಅಷ್ಟೇ” ಎಂದಳು. ಮಧ್ಯಾಹ್ನದ ಆಟಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಬ್ಯಾಂಕು ಬಂತು, ಕಳ್ಳ ಬಂದ, ಗಾಜಿನ ಹಿಂದೆ ನೀನು ಬಂದೆ. ನಿನ್ನ ಮುಖ ಅಷ್ಟು ದೊಡ್ಡದಾಗಿ ಪರದೆ ತುಂಬಿದಾಗ ಮೊದಲು ಮೂಗೇ ಕಂಡಿತು. ಆಮೇಲೆ ಬಾಯಿ.

“ಎಥೆಲ್ ಗಂಡ ಕಾವೆಂಟ್ರೀಲೇ ಇದಾನೆ. ಮೀನಿನವಳೂ ಇಲ್ಲ, ಏನೂ ಇಲ್ಲ. ಹೊಟ್ಟೆಕಿಚ್ಚಿಗೆ ನಾನೇ ಕಟ್ಟಿದ್ದು. ನಾನು ಸುಳ್ಳಿ. ನಾನು ಸುಳ್ಳಿ.”

ಎರಡು ಸಲ ಹೇಳಿದೆ. ಕಣ್ಣಲ್ಲಿ ನೀರೂ ಬಂತು. ಲಂಡನ್ನಿನ ಪತ್ರಿಕೆಯವನು ‘ಸೆರೆಯಾದ ಬಡ ಮುದುಕಿಯ ಮೂಕ ಭಯ’ ಎಂದೆಲ್ಲ ಬರೆದಿದ್ದಾನಂತೆ. ಅವನ ತಲೆ.

ಆಮೇಲೆ ನಡೆದದ್ದನ್ನೂ ಕೇಳು. ಊರು ನನ್ನನ್ನು ತಲೆಯ ಮೇಲೆ ಹೊತ್ತುಕೊಂಡಿತು. ಮೂರು ಕಡುಬು, ಒಂದು ಡಜನ್ ಮೊಟ್ಟೆ, ಚಹಾ ಕಪಾಟಿನ ಬೀಗದ ಕೈ. ಒಬ್ಬೊಬ್ಬರಾಗಿ ಬಂದು ನಿನ್ನನ್ನು ಬೈದು ಹೋದರು, ಬಣ್ಣದವಳು, ಹಲ್ಕಟ್ಟು, ಒಡಹುಟ್ಟಿದವಳ ಬಾಳಿಗೇ ಮಸಿ ಬಳಿದವಳು. ನಾನು ಕುರ್ಚಿಯಲ್ಲಿ ಕೂತು ಕೇಳಿದೆ. ನನಗೆ ಸಂತೋಷವಾಯಿತು, ಬರ್ತಾ. ಸುಳ್ಳು ಹೇಳುವುದಿಲ್ಲ, ಒಂಬತ್ತು ದಿನ ನಾನು ಬಹಳ ಸುಖವಾಗಿದ್ದೆ. ಚರ್ಚಿನ ಮೇಲ್ವಿಚಾರಕ ಮಿಸ್ಟರ್ ಹಾರ್ಗ್ರೀವ್ಸ್ ನಿನ್ನ ಕಂಪನಿಗೆ ದೂರು ಬರೆದರಂತೆ, ಸಿನಿಮಾದ ನಡುವೆ ಮನೆಯ ಜಗಳ ಆಡುವ ಹೆಂಗಸನ್ನು ಇಟ್ಟುಕೊಂಡಿದ್ದೀರಿ ಎಂದು. ಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮೊನ್ನೆ ಶುಕ್ರವಾರ ಸಹಕಾರಿ ಅಂಗಡಿಯಲ್ಲಿ ಬೇಕನ್ನಿಗೆ ಸಾಲು ನಿಂತಿದ್ದೆ. ಹನ್ನೊಂದು ಜನ ಹೆಂಗಸರು. ನನ್ನ ಹಿಂದೆ ಸಟ್‌ಕ್ಲಿಫ್, ಅವಳ ಹಿಂದೆ ಮುದುಕಿ ಮಾರ್ತಾ. ನಿನ್ನ ಮಾತೇ ನಡೆದಿತ್ತು. ಸಟ್‌ಕ್ಲಿಫ್ ಹೇಳಿದಳು: “ನಿಮ್ಮಮ್ಮ ಇದ್ದಿದ್ರೆ ಅವಳನ್ನ ಮಗಳು ಅಂತ ಹೇಳ್ಕೊಳ್ತಾನೇ ಇರಲಿಲ್ಲ, ಬಿಡು. ನಿನ್ನೊಬ್ಬಳನ್ನೇ ಹೇಳ್ಕೊಳ್ತಿದ್ಲು.”

ರಸ್ತೆ ದಾಟುತ್ತಿದ್ದೆ ಎಂದು ಬರೆದಿದ್ದೆಯಲ್ಲ. ದಾಟುತ್ತಿದ್ದೆ. ನೀನು ನೋಡಿದ್ದು ಅಷ್ಟೇ. ಒಂದು ದಿನ ದಾಟುವಾಗ ತಿರುಗಿ ನೋಡಿದೆ. ಅಮ್ಮ ಮಂಡಿಯೂರಿಕೊಂಡೇ ಬ್ರಷ್ ಎತ್ತಿ ಹಿಡಿದು, ಆ ಬದಿಯಿಂದ ತುಟಿಯಲ್ಲಿ ನನಗೆ ಹೇಳಿದಳು, ಗೆಳತಿಯರಿಗೆ ತಿಳಿಯದ ಹಾಗೆ: “ನಿಲ್ಲಬೇಡ ಮಗಾ, ಹೋಗ್ತಾ ಇರು. ಅವರು ನೋಡ್ತಾರೆ.” ಆವತ್ತಿನಿಂದ ನಾನು ತುಟಿಮಾತು ಬಿಟ್ಟೆ. ಕೊನೆಗಾಲದಲ್ಲಿ ಅವಳಿಗೆ ಏನೂ ಕೇಳುತ್ತಿರಲಿಲ್ಲ, ಆಗಲೂ ನಾನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದೆ, ನೆಟ್ಟಗಿನ ಅಕ್ಷರದಲ್ಲಿ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇದನ್ನು ನೆನೆದರೆ ನನ್ನನ್ನು ನಾನೇ ಬಡಿದುಕೊಳ್ಳಬೇಕು ಎನ್ನಿಸುತ್ತದೆ.

ಅಮ್ಮ ಯಾರನ್ನು ಮಗಳು ಎನ್ನುತ್ತಿದ್ದಳು ಎಂದು ಆ ಸಟ್‌ಕ್ಲಿಫ್ ಹೇಳುವುದೇ? ಆ ಹೆಂಗಸಿನ ಬಾಯಿಂದ ಅದನ್ನು ಕೇಳಿ ನನಗೆ ತಡೆಯಲಿಲ್ಲ. ಅವಳ ಕಡೆ ತಿರುಗಿದೆ. ಕೈಚೀಲ ಕೌಂಟರಿನ ಮೇಲಿಟ್ಟೆ, ಎದೆಯ ಮೇಲೆ ಕೈಕಟ್ಟಿದೆ. ಮೂವತ್ತೈದು ವರ್ಷದಿಂದ ಆಡದ ಮಾತು, ದವಡೆ ನೋಯಿತು. ಸದ್ದಿಲ್ಲದೆ ಹೇಳಿದೆ:

“ಮೊದಲು ಹೇಳಿದ್ದೇ ನಿಜ. ಫ್ಲೀಟ್‌ವುಡ್. ಮೀನಿನವಳು. ಎರಡನೇದು ನನಗೋಸ್ಕರ ಹೇಳಿದ ಸುಳ್ಳು. ನಾವಿಬ್ಬರೂ ಅಮ್ಮನ ಮಕ್ಕಳೇ.”

ಬೇಕನ್ ಕತ್ತರಿಸುವವನು ಯಂತ್ರ ನಿಲ್ಲಿಸಿ ನೋಡಿದ. ಅವನ ತಾಯಿಯೂ ಗಿರಣಿಯವಳೇ. ಮಾರ್ತಾ ಒಬ್ಬಳು ನನ್ನ ಮುಖವನ್ನೇ ನೋಡುತ್ತಿದ್ದು, ಇಡೀ ಅಂಗಡಿಗೆ ಕೇಳುವ ಹಾಗೆ ಕಿರುಚಿದಳು: “ನಿಮ್ಮಮ್ಮಂದೇ ಬಾಯಿ ಕಣೇ ನಿಂದು. ಇಷ್ಟು ದಿನ ಎಲ್ಲಿ ಇಟ್ಕೊಂಡಿದ್ದೆ?”

ನಾನು ಬೇಕನ್ ತೆಗೆದುಕೊಂಡು ಮನೆ ತಲುಪುವ ಹೊತ್ತಿಗೆ ಸುದ್ದಿ ರೈಲು ಸ್ಟೇಷನ್ ತಲುಪಿತ್ತು. ಬೀಗದ ಕೈಯನ್ನು ಈ ಸಲ ಅವರು ಕೇಳುವ ಮೊದಲೇ ಕಳಿಸಿಕೊಟ್ಟೆ. ಕಡುಬಿನ ತಟ್ಟೆಗಳನ್ನು ತೊಳೆದಿಟ್ಟಿದ್ದೇನೆ, ಬೇಕಾದವರು ಬಂದು ಒಯ್ಯಲಿ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಆ ಆರು ಸೆಕೆಂಡನ್ನು ನಾನು ಸಾಯುವ ತನಕ ಎತ್ತಿ ಆಡುತ್ತೇನೆ. ಸಿಕ್ಕಿದ ಒಂದೇ ಕ್ಲೋಸ್-ಅಪ್ಪನ್ನು ಇದಕ್ಕೆ ಖರ್ಚು ಮಾಡಿದೆಯಲ್ಲ, ನಿನ್ನಂಥ ಪೆದ್ದಿ ಎಲ್ಲೂ ಇಲ್ಲ. ಹಾರ್ಗ್ರೀವ್ಸ್ ದೂರಿನಿಂದ ಕೆಲಸ ಹೋಗಿದ್ದರೆ ಮುಚ್ಚಿಡದೆ ಹೇಳು. ಹಿಂದಿನ ಕೋಣೆ ಖಾಲಿಯಿದೆ, ಗಡಿಯಾರವಿಲ್ಲ.

ಶನಿವಾರ ಮಧ್ಯಾಹ್ನದ ರೈಲಿಗೆ ಬಾ. ರೇಷನ್ ಪುಸ್ತಕ ತರುವುದನ್ನು ಮರೆಯಬೇಡ, ನಿನಗೆ ಹಾಕುವಷ್ಟು ಬೆಣ್ಣೆ ನನ್ನಲ್ಲಿಲ್ಲ. ಸ್ಟೇಷನ್ನಿಗೆ ಬಂದಿರುತ್ತೇನೆ. ಅಲ್ಲಿಂದ ಬ್ಯಾಂಕಿನ ಬೀದಿಯಲ್ಲೇ ನಡೆದು ಬರೋಣ, ಮೆಟ್ಟಿಲಿರುವ ಬದಿಯಲ್ಲಿ.

ಎಥೆಲ್